ಅಲ್ಪ ವೆಚ್ಚದಲ್ಲಿ ಕ್ರಿಸ್ಮಸ್ ಅಲಂಕಾರ



ಡಿಸೆಂಬರ್ ತಿಂಗಳು ಸಮೀಪಿಸಿತೆಂದರೆ ಹುಡುಗಿಯರ ಮಾತೆಲ್ಲ ಮನೆಯ ಅಲಂಕಾರದ ವಿಷಯವೇ ಆಗುವುದು. ಯಾರ ಮನೆಗೆ ಎಷ್ಟು ದೊಡ್ಡ ನಕ್ಷತ್ರ ಬಂತು, ಯಾರ ಮನೆಯಲ್ಲಿ ಎಷ್ಟು ಸಾಲು ದೀಪಗಳಿವೆ ಎಂದು ಕೆಲವರು ಹೇಳಿಕೊಳ್ಳುತ್ತಿರುವಾಗ, ಹೇಳಿಕೊಳ್ಳಲು ಏನೂ ಇಲ್ಲದವಳು ಸುಮ್ಮನೆ ಪುಸ್ತಕವನ್ನು ನೋಡುತ್ತ ಕುಳಿತಿರುವಳು. ಮಗಳಿಗೆ ಈ ಸಂಕೋಚವಾಗಬಾರದೆಂದು ಸಾಲಮಾಡಿ ಸಾಮಾನು ತಂದು, ಜನವರಿ ತಿಂಗಳಲ್ಲಿ ದಿನಸಿ ಅಂಗಡಿಯವನ ಕಣ್ಣಿಗೆ ಬೀಳದಂತೆ ನಡೆಯುವ ತಂದೆಗಳೂ ಉಂಟು. ಹಬ್ಬವು ಸಂತೋಷಕ್ಕಾಗಿ ಇರುವುದೇ ಹೊರತು ಸಾಲಕ್ಕಾಗಿ ಅಲ್ಲ.

ನಾವು ಸ್ಮರಿಸುವ ಆ ಜನನವಾದರೋ ಬಡವರ ಮನೆತನದಲ್ಲಿ ಆಯಿತು. ಮೋಶೆಯ ಧರ್ಮಶಾಸ್ತ್ರವು ಕುರಿಯನ್ನು ತರಲು ಶಕ್ತಿಯಿಲ್ಲದವರಿಗೆ ಎರಡು ಹಕ್ಕಿಗಳನ್ನು ಅರ್ಪಿಸುವ ಅನುಮತಿಯನ್ನು ಕೊಟ್ಟಿತ್ತು. ಯೋಸೇಫನೂ ಮರಿಯಳೂ ಅರ್ಪಿಸಿದ್ದು ಆ ಬಡವರ ಕಾಣಿಕೆಯನ್ನೇ ಎಂಬುದು ಲೂಕನ ಸುವಾರ್ತೆಯ 2ನೆಯ ಅಧ್ಯಾಯದಿಂದ ತಿಳಿದುಬರುವುದು. ಆದಕಾರಣ ಕಡಿಮೆ ಹಣದ ಹಬ್ಬವೆಂದು ನಾಚುವ ಕಾರಣವಿಲ್ಲ. ಆದರೆ ಕಡಿಮೆ ಹಣವೆಂದು ಕೆಲಸವನ್ನು ಅಚ್ಚುಕಟ್ಟಿಲ್ಲದೆ ಮಾಡುವುದೂ ತರವಲ್ಲ. ಹಣದ ಸ್ಥಾನದಲ್ಲಿ ನಾವು ಅಳತೆಯನ್ನೂ ತಾಳ್ಮೆಯನ್ನೂ ಇಡಬೇಕು. ಅದು ಹೇಗೆಂಬುದನ್ನು ಕ್ರಮವಾಗಿ ಹೇಳುವೆನು.

1. ಅಂಟು

ಮೊದಲು ಅಂಟನ್ನು ಸಿದ್ಧಪಡಿಸತಕ್ಕದ್ದು. ಒಂದು ಬಟ್ಟಲು ಮೈದಾ ಹಿಟ್ಟನ್ನು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಒಟ್ಟು ಐದು ಬಟ್ಟಲು ನೀರಾಗುವಂತೆ ಸೇರಿಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು. ಬಿಳುಪು ಕಳೆದು ಗಂಜಿಯ ಹದಕ್ಕೆ ಬಂದಾಗ ಇಳಿಸಬೇಕು. ಹುಳು ಬೀಳದಿರಲೆಂದು ಪುಸ್ತಕ ಕಟ್ಟುವವರು ಇದಕ್ಕೆ ಮೈಲುತುತ್ತವನ್ನು ಸೇರಿಸುವುದುಂಟು. ಅದು ವಿಷವಾದುದರಿಂದ ಮಕ್ಕಳು ಕೆಲಸಮಾಡುವಲ್ಲಿ ಬೇಡ. ಎರಡು ದಿನಕ್ಕೊಮ್ಮೆ ಹೊಸದಾಗಿ ಕಾಯಿಸಿಕೊಂಡರೆ ಸಾಕು.

2. ನಕ್ಷತ್ರ

ಕಾಗದದ ನಕ್ಷತ್ರಕ್ಕೂ ಶಾಲೆಗೂ ಹಳೆಯ ಸಂಬಂಧವಿದೆ. ಜರ್ಮನಿಯ ನೀಸ್ಕಿ ಎಂಬ ಊರಿನಲ್ಲಿ ಮೊರೇವಿಯನ್ ಸಭೆಯವರ ಹುಡುಗರ ಶಾಲೆಯೊಂದಿತ್ತು. 19ನೆಯ ಶತಮಾನದ ಪೂರ್ವಾರ್ಧದಲ್ಲಿ ಅಲ್ಲಿ ರೇಖಾಗಣಿತದ ಅಭ್ಯಾಸಕ್ಕಾಗಿ ಮಾಡಿಸಿದ ಬಹುಮುಖದ ಕಾಗದದ ನಕ್ಷತ್ರವೇ ಮುಂದೆ ಆ ಸಭೆಯವರ ಮನೆಮನೆಗಳ ಕ್ರಿಸ್ಮಸ್ ದೀಪವಾಯಿತು. ನಮ್ಮ ಐದು ಮೂಲೆಯ ನಕ್ಷತ್ರವೂ ರೇಖಾಗಣಿತದ ಒಳ್ಳೆಯ ಪಾಠವೇ ಆಗಿದೆ.

60 ಸೆಂಟಿಮೀಟರು ಉದ್ದದ, ಬಾಗುವಷ್ಟು ತೆಳುವಾದ 10 ಬಿದಿರಿನ ಕಡ್ಡಿಗಳನ್ನೂ, 12 ಸೆಂಟಿಮೀಟರಿನ 5 ತುಂಡುಗಳನ್ನೂ ಸೀಳಿಕೊಳ್ಳಿರಿ. ಪ್ರತಿಯೊಂದು ಉದ್ದ ಕಡ್ಡಿಯ ಎರಡೂ ತುದಿಗಳಿಂದ 23 ಸೆಂಟಿಮೀಟರು ದೂರದಲ್ಲಿ ಸೀಸದ ಕಡ್ಡಿಯಿಂದ ಗುರುತು ಮಾಡಿರಿ. ಕೈಯೆತ್ತದೆ ಹಲಗೆಯ ಮೇಲೆ ನಕ್ಷತ್ರವನ್ನು ಬರೆಯುವ ಕ್ರಮದಲ್ಲಿಯೇ ಐದು ಕಡ್ಡಿಗಳನ್ನು ಜೋಡಿಸಿ, ತುದಿಗಳನ್ನು ದಾರದಿಂದ ಬಿಗಿಯಿರಿ. ಕಡ್ಡಿಗಳು ಒಂದನ್ನೊಂದು ದಾಟುವ ಸ್ಥಳಗಳಲ್ಲಿ ಗುರುತಿನ ಮೇಲೆ ಗುರುತು ಬಂದರೆ ಪ್ರತಿ ತುದಿಯ ಕೋನವೂ ತಾನಾಗಿಯೇ 36 ಡಿಗ್ರಿಯಾಗುವುದು, ನಕ್ಷತ್ರವು ಸೊಟ್ಟಗಾಗದು. ಇಂತಹ ಎರಡು ಚೌಕಟ್ಟುಗಳನ್ನು ಒಂದರ ಮೇಲೊಂದಿಟ್ಟು ಐದು ತುದಿಗಳನ್ನು ಒಟ್ಟಿಗೆ ಕಟ್ಟಿ, ಒಳಗಿನ ಐದು ಮೂಲೆಗಳಲ್ಲಿ ಸಣ್ಣ ತುಂಡುಗಳನ್ನು ಇವೆರಡರ ನಡುವೆ ನಿಲ್ಲಿಸಿ ಬಿಗಿದರೆ ನಕ್ಷತ್ರವು ಉಬ್ಬಿ ನಿಲ್ಲುವುದು.

ಇದಕ್ಕೆ ಗಾಳಿಪಟದ ಕಾಗದವನ್ನು ಅಂಟಿಸಬಹುದು. ಸವೆದುಹೋದ ತೆಳು ಸೀರೆಯ ಒಳ್ಳೆಯ ಭಾಗವನ್ನು ಬಿಗಿಯಾಗಿ ಹೊಲಿದರೆ ಇನ್ನೂ ಬಾಳಿಕೆ ಬರುವುದು. ದೀಪವನ್ನು ಇಳಿಸಲು ಹಿಂಬದಿಯಲ್ಲಿ ಒಂದು ಭಾಗವನ್ನು ತೆರೆದಿಡಿರಿ. ಚೌಕಟ್ಟು ಹಲವು ವರ್ಷ ಇರುತ್ತದೆ. ಹೊದಿಕೆಯನ್ನು ಮಾತ್ರ ಬದಲಾಯಿಸಿದರೆ ಸಾಕು.

3. ತೋರಣ

ಬರೆದು ಮುಗಿದ ನೋಟುಪುಸ್ತಕಗಳ ಹಾಳೆಗಳೇ ಇದಕ್ಕೆ ಸಾಮಗ್ರಿ. ಹಾಳೆಗಳಿಗೆ ಅರಿಸಿನದ ನೀರನ್ನು ಸವರಿದರೆ ಹಳದಿಯಾಗುವುದು. ಅದರ ಮೇಲೆ ಸುಣ್ಣದ ತಿಳಿನೀರನ್ನು ಸವರಿದರೆ ಕೆಂಪಾಗುವುದು. ಅರಿಸಿನವು ಕ್ಷಾರವನ್ನು ಕೂಡಿದಾಗ ಬಣ್ಣ ಬದಲಾಯಿಸುವ ಗುಣವುಳ್ಳದ್ದು. ಸುಣ್ಣದ ಕೆಲಸವನ್ನು ಮಾತ್ರ ದೊಡ್ಡವರು ಮಾಡತಕ್ಕದ್ದು. ನೆರಳಿನಲ್ಲಿ ಒಣಗಿಸಿ, 15 ಸೆಂಟಿಮೀಟರು ಉದ್ದ, 2 ಸೆಂಟಿಮೀಟರು ಅಗಲದ ಪಟ್ಟಿಗಳಾಗಿ ಕತ್ತರಿಸಿ, ಬಳೆಯೊಳಗೆ ಬಳೆ ಸೇರಿಸಿದಂತೆ ಅಂಟಿಸಿರಿ. 3 ಮೀಟರು ತೋರಣಕ್ಕೆ ಸುಮಾರು 75 ಪಟ್ಟಿಗಳು ಬೇಕಾಗುವುವು. ಇದು ಚಿಕ್ಕ ಮಕ್ಕಳಿಗೆ ತಕ್ಕ ಕೆಲಸ, ಎಣಿಕೆಯೂ ಅಭ್ಯಾಸವಾಗುವುದು.

4. ಮರ

ಸೂಜಿಯೆಲೆಯ ಮರವನ್ನು ಸಿಂಗರಿಸುವ ವಾಡಿಕೆ ಜರ್ಮನ್ ನಾಡುಗಳದ್ದು. ಅಲ್ಲಿಯ ಕಾಡುಗಳಲ್ಲಿ ಆ ಮರ ಸುಲಭವಾಗಿ ಸಿಕ್ಕುತ್ತದೆ. ನಮ್ಮಲ್ಲಿ ಸುಲಭವಾಗಿ ಸಿಕ್ಕುವುದು ಸರ್ವೆ, ಅಂದರೆ ಗಾಳಿಮರ. ಇಡೀ ಮರವನ್ನು ಕಡಿಯಬೇಡಿರಿ. ಸವರಿದ ಕೊಂಬೆಯನ್ನು ಕೇಳಿ ತಂದು, ಹಳೆಯ ಬಕೇಟಿನಲ್ಲಿ ಒದ್ದೆ ಮರಳು ತುಂಬಿ ನಿಲ್ಲಿಸಿರಿ. ಕೈಗೆ ಆಗದ ಹಳೆಯ ಬಳೆಗಳಿಗೆ ಉಣ್ಣೆಯ ದಾರ ಸುತ್ತಿ ತೂಗಹಾಕಬಹುದು. ಖಾಲಿ ಬೆಂಕಿಪೆಟ್ಟಿಗೆಗಳಿಗೆ ಬಣ್ಣದ ಕಾಗದ ಹೊದಿಸಿ ದಾರ ಕಟ್ಟಿದರೆ ಪುಟ್ಟ ಕಾಣಿಕೆಯ ಗಂಟುಗಳಾಗುವುವು. ಮದುವೆಯ ಕರೆಯೋಲೆಗಳ ದಪ್ಪ ಕಾಗದದಿಂದ ಗಂಟೆ, ಪಾರಿವಾಳಗಳನ್ನು ಕತ್ತರಿಸಬಹುದು. ಹರಿದ ಸೀರೆಯ ಜರಿಯಂಚು ಪೇಟೆಯ ರಿಬ್ಬನ್ನಿಗಿಂತ ಚೆಲುವಾದುದು. ಗುಜರಿಯಿಂದ ತಂದ ಸೀಸೆಗಳನ್ನು ಬಿಸಿನೀರಿನಲ್ಲಿ ತೊಳೆದು ಹೂವಿಡಲು ಉಪಯೋಗಿಸಬಹುದು. ತಗಡನ್ನು ಮಾತ್ರ ಮಕ್ಕಳ ಕೈಯಲ್ಲಿ ಕತ್ತರಿಸಲು ಕೊಡಬೇಡಿರಿ.

5. ಗೋದಲಿ

ಅಸಿಸಿಯ ಫ್ರಾನ್ಸಿಸನು 1223ನೆಯ ಇಸವಿಯಲ್ಲಿ ಇಟಲಿಯ ಗ್ರೆಚ್ಚೋ ಎಂಬಲ್ಲಿ ಗೋದಲಿಯ ದೃಶ್ಯವನ್ನು ಜನರಿಗೆ ತೋರಿಸಿದಾಗ ಅಲ್ಲಿದ್ದುದು ಹುಲ್ಲು, ಒಂದು ಎತ್ತು, ಒಂದು ಕತ್ತೆ, ಇಷ್ಟೇ. ಆದುದರಿಂದ ಬೆಲೆಬಾಳುವ ಬೊಂಬೆಗಳಿಲ್ಲವೆಂದು ಕೊರಗಬಾರದು. ಕೆರೆಯ ಜೇಡಿಮಣ್ಣನ್ನು ಕಲ್ಲು ಬೇರು ತೆಗೆದು ನಾದಿ, ಗೇಣಿಗೆ ಮೀರದ ಬೊಂಬೆಗಳನ್ನು ಮಾಡಿ, ಬಿರಿಯದಂತೆ ನೆರಳಿನಲ್ಲಿ ಒಣಗಿಸಿ, ಕೆಮ್ಮಣ್ಣಿನ ಬಣ್ಣ ಹಚ್ಚಬಹುದು. ದರ್ಜಿಯ ಅಂಗಡಿಯ ತುಂಡುಬಟ್ಟೆಗಳು ಅವುಗಳಿಗೆ ಉಡುಪಾಗುವುವು. ಅಡಕೆಯ ಹಾಳೆಯೋ ತೆಂಗಿನ ಗರಿಯೋ ಮಾಡಿಗೆ ಸಾಕು.

ಕರಾವಳಿಯ ಅನೇಕ ಮನೆಗಳಲ್ಲಿ ಗೋದಲಿಗಾಗಿ ಧಾನ್ಯವನ್ನು ಮೊಳೆಯಿಸುವ ವಾಡಿಕೆಯಿದೆ. ಗೋಧಿಯನ್ನೋ ರಾಗಿಯನ್ನೋ ಒಂದು ರಾತ್ರಿ ನೆನೆಯಿಟ್ಟು, ಹಬ್ಬಕ್ಕೆ ಹತ್ತು ಹನ್ನೆರಡು ದಿನ ಮುಂಚೆ ತೆಂಗಿನ ಚಿಪ್ಪಿನ ಮಣ್ಣಿನಲ್ಲಿ ಬಿತ್ತಿದರೆ, ಆ ದಿನಕ್ಕೆ ಹಸುರು ಹೊಲವೇ ಸಿದ್ಧವಾಗುವುದು. ಇದಕ್ಕೆ ತಗಲುವ ಖರ್ಚು ಒಂದು ಹಿಡಿ ಕಾಳು.

6. ಎಚ್ಚರಿಕೆ

ಮಿತವ್ಯಯವು ಎಲ್ಲೆಡೆಯಲ್ಲಿ ಸಲ್ಲುವುದಾದರೂ ವಿದ್ಯುತ್ತಿನ ವಿಷಯದಲ್ಲಿ ಸಲ್ಲದು. ಹಳೆಯ ಸಾಲುದೀಪದ ತಂತಿಯನ್ನು ಗುಜರಿಯಿಂದ ತರಬೇಡಿರಿ. ಮನೆಯಲ್ಲಿರುವುದರ ಹೊದಿಕೆ ಸೀಳಿದ್ದರೆ ಅದನ್ನು ಎಸೆಯಿರಿ. ನಕ್ಷತ್ರದೊಳಗೆ ಮೇಣದ ಬತ್ತಿಯನ್ನು ಎಂದಿಗೂ ಇಡಬಾರದು. ಸಣ್ಣ ಎಲ್‌ಇಡಿ ಬಲ್ಬು ಕಾಗದಕ್ಕೆ ತಗಲದಂತೆ ತೂಗಲಿ. ಹಿಮವೆಂದು ಮರದ ಮೇಲೆ ಹತ್ತಿಯನ್ನು ಹರಡುವ ಪದ್ಧತಿ ನಮಗೆ ಬೇಡ. ಹತ್ತಿಯೂ ಒಣಹುಲ್ಲೂ ಕಿಡಿಗೆ ಕ್ಷಣದಲ್ಲಿ ಹೊತ್ತಿಕೊಳ್ಳುವುವು. ಥರ್ಮೋಕೋಲೂ ಬೇಗನೆ ಉರಿಯುವುದಲ್ಲದೆ, ಎಸೆದರೆ ಮಣ್ಣಿನಲ್ಲಿ ಕರಗದು.

ಜನವರಿ 6ರ ಮೂರು ರಾಯರ ಹಬ್ಬವಾದ ಮೇಲೆ ಎಲ್ಲವನ್ನೂ ಬಿಚ್ಚಿ, ಒಣಗಿದ ಬೇವಿನೆಲೆಯೊಂದಿಗೆ ಬಿಸ್ಕತ್ತಿನ ಡಬ್ಬಿಯಲ್ಲಿ ಕಾದಿಡಿರಿ. ಪ್ರತಿಯೊಂದರ ಹಿಂದೆ ಮಾಡಿದ ಮಗುವಿನ ಹೆಸರನ್ನೂ ವರ್ಷವನ್ನೂ ಬರೆಯಿಸಿರಿ. ಕೆಲವು ವರ್ಷಗಳಲ್ಲಿ ಆ ಡಬ್ಬಿಯೇ ಮನೆಯ ಚರಿತ್ರೆಯಾಗುವುದು.

ತಾಯಂದಿರಿಗೆ ಒಂದು ವಿಜ್ಞಾಪನೆ. ಈ ವರ್ಷ ಅಲಂಕಾರಕ್ಕೆ ಇಷ್ಟೇ ಹಣವೆಂದು ಮಕ್ಕಳ ಎದುರಿನಲ್ಲಿಯೇ ಗೊತ್ತುಮಾಡಿರಿ. ಮನೆಯ ಕಷ್ಟಸುಖವನ್ನು ಬಲ್ಲ ಮಗಳು ಪರರ ಮನೆಯ ವೈಭವವನ್ನು ಕಂಡು ಸಂಕಟಪಡುವುದಿಲ್ಲ. ಬಿದಿರನ್ನು ಸೀಳುವಾಗ ಇನ್ನೊಂದು ನಕ್ಷತ್ರಕ್ಕೆ ಸಾಕಾಗುವಷ್ಟು ಸೀಳಿಕೊಳ್ಳಿರಿ. ನಿಮ್ಮ ಬೀದಿಯಲ್ಲಿ ರೋಗಿಯಿರುವ ಮನೆಯೋ, ಒಂಟಿ ಮುದುಕಿಯ ಮನೆಯೋ ಇದ್ದೇ ಇರುವುದು. ಆ ಎರಡನೆಯ ನಕ್ಷತ್ರವನ್ನು ನಿಮ್ಮ ಮಗಳೇ ಕೊಂಡುಹೋಗಿ ಅಲ್ಲಿ ಕಟ್ಟಿಬರಲಿ.