ಹೊಟ್ಟೆಯೊಳಗಿನ ತೆಳು ಪೊರೆ

ಕುರಿ ಕೊಯ್ದು ಹೊಟ್ಟೆ ಸೀಳುವುದನ್ನು ನೀವು ನೋಡಿರಬಹುದು. ಒಳಗೋಡೆಗೆ ಅಂಟಿಕೊಂಡು ತೆಳ್ಳನೆಯ, ಹೊಳೆಯುವ ಪೊರೆ ಇರುತ್ತದೆ. ನಮ್ಮ ಹೊಟ್ಟೆಯಲ್ಲೂ ಅಂಥದೇ ಪೊರೆ ಇದೆ. ಇದಕ್ಕೆ ಉದರ ಪೊರೆ ಅಂತಾರೆ. ಡಾಕ್ಟರರ ಮಾತಿನಲ್ಲಿ ಪೆರಿಟೋನಿಯಂ. ಬಿಚ್ಚಿ ಹಾಸಿದರೆ ಹೆಚ್ಚುಕಡಿಮೆ ನಮ್ಮ ಮೈಚರ್ಮದಷ್ಟು ಅಗಲ!

ಉಂಡ ಅನ್ನ ಹೋಗುವುದು ಕರುಳಿನ ಒಳಗೆ. ಈ ಪೊರೆ ಇರುವುದು ಕರುಳಿನ ಹೊರಗೆ. ಎರಡೂ ಒಂದೇ ಅಂತ ತಿಳಿಯಬೇಡಿ. ಕರುಳು ಜಾರಾಡಲು ಬೇಕಾದಷ್ಟೇ ನೀರು ಇಲ್ಲಿರುತ್ತದೆ. ಅದು ಜಿನುಗುತ್ತಲೂ ಇರುತ್ತದೆ, ಹೀರಿಹೋಗುತ್ತಲೂ ಇರುತ್ತದೆ. ಸಕ್ಕರೆ, ಉಪ್ಪಿನಂಥ ಸಣ್ಣ ಕಣಗಳು ಪೊರೆಯ ರಕ್ತನಾಳ ಸೇರುತ್ತವೆ. ರಕ್ತದ ಕಣ, ರೋಗಾಣುಗಳಂಥ ದೊಡ್ಡವಕ್ಕೆ ಬೇರೆ ದಾರಿ. ಎದೆಗೂ ಹೊಟ್ಟೆಗೂ ನಡುವೆ ವಪೆ ಇದೆಯಲ್ಲ, ಅದರ ಕೆಳಮೈಯಲ್ಲಿ ಬಹಳ ಸಣ್ಣ ತೂತುಗಳಿವೆ. ನಾವು ಉಸಿರಾಡಿದಂತೆ ವಪೆ ಏರಿಳಿದು, ಪಂಪಿನ ಹಾಗೆ ಅವನ್ನು ಎಳೆದುಕೊಳ್ಳುತ್ತದೆ.

ಕಿಡ್ನಿ ಕೆಟ್ಟ ಕೆಲವರಿಗೆ ಈ ಪೊರೆಯೇ ಆಸರೆ. ಹೊಟ್ಟೆಗೆ ಮೆತ್ತನೆಯ ನಳಿಕೆ ಕೂಡಿಸಿ, ಚೀಲದಿಂದ ಸುಮಾರು 2 ಲೀಟರ್ ದ್ರವ ಬಿಡುತ್ತಾರೆ. ಅದರಲ್ಲಿ ಸಕ್ಕರೆಯ ಅಂಶ ಇರುತ್ತದೆ. ಮಾವಿನಕಾಯಿ ಹೋಳಿಗೆ ಉಪ್ಪು ಹಾಕಿಟ್ಟರೆ ನೀರು ಬಿಡುತ್ತದೆ ಅಲ್ಲವೇ? ಹಾಗೆಯೇ ಈ ಸಕ್ಕರೆ ರಕ್ತದಲ್ಲಿನ ಹೆಚ್ಚಿನ ನೀರನ್ನು ಎಳೆಯುತ್ತದೆ. ಕಶ್ಮಲವೂ ಪೊರೆ ದಾಟಿ ಬರುತ್ತದೆ. 4-6 ಗಂಟೆ ಬಿಟ್ಟು ಹೊರಗೆ ಹರಿಸಿ, ಹೊಸ ಚೀಲ ಹಾಕಬೇಕು. ಮನೆಯಲ್ಲೇ ಮಾಡಬಹುದು, ಕೈ ಮಾತ್ರ ಸೋಪು ಹಚ್ಚಿ ತೊಳೆದಿರಬೇಕು.

ಆದರೆ ಪೊರೆ ಸುಮ್ಮನಿರುವುದಿಲ್ಲ. ಚೀಲದ ಸಕ್ಕರೆಯನ್ನೂ ಹೀರುತ್ತದೆ. ಆದ್ದರಿಂದ ಸಕ್ಕರೆ ಕಾಯಿಲೆ ಇದ್ದವರು ಡಾಕ್ಟರಿಗೆ ಮೊದಲೇ ಹೇಳಬೇಕು. ಹೇಳಿದ್ದಕ್ಕಿಂತ ಬಹಳ ಹೊತ್ತು ಒಳಗೇ ಬಿಟ್ಟರೆ ನೀರೂ ಮೈಗೆ ವಾಪಸ್ಸು! ಹೊರಬಂದ ದ್ರವ ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿದ್ದರೆ ಒಳಗೆ ನಂಜಾಗಿರಬಹುದು. ಅವತ್ತೇ ದವಾಖಾನೆಗೆ ಹೋಗಿ, ಆ ಚೀಲವನ್ನೂ ಒಯ್ಯಿರಿ.

ಇನ್ನೊಂದು ಮಾತು. ಅಪೆಂಡಿಕ್ಸ್ ಒಡೆದರೆ, ಕರುಳು ತೂತಾದರೆ, ಕೀವು ಹೊಲಸು ಈ ಪೊರೆಯ ಮೇಲೆ ಬೀಳುತ್ತದೆ. ಪೊರೆ ಆ ನಂಜನ್ನೂ ಹೀರಿ ರಕ್ತಕ್ಕೆ ಸೇರಿಸುತ್ತದೆ. ಹೊಟ್ಟೆ ಹಲಗೆಯಂತೆ ಬಿಗಿಯುತ್ತದೆ, ಮುಟ್ಟಿಸಿಕೊಳ್ಳಲೂ ಆಗುವುದಿಲ್ಲ. ಆಗ ಹರಳೆಣ್ಣೆ ಕುಡಿಸಬೇಡಿ. ಹೊಟ್ಟೆ ತಿಕ್ಕಿಸಬೇಡಿ. ಬೆಳಗಾಗಲಿ ನೋಡೋಣ ಅಂತ ಕೂರಬೇಡಿ, ರಾತ್ರಿಯೇ ಗಾಡಿ ಕಟ್ಟಿಸಿ.

ಓದಿ, ಉತ್ತರ ಹೇಳಿ:
1. ಉದರ ಪೊರೆ ಕರುಳಿನ ಒಳಗಿದೆಯೋ, ಹೊರಗಿದೆಯೋ?
2. ಚೀಲದ ದ್ರವದಲ್ಲಿ ಸಕ್ಕರೆ ಯಾಕೆ?
3. ದ್ರವ ಮಬ್ಬಾಗಿ ಬಂದರೆ ಏನು ಮಾಡುತ್ತೀರಿ?