ಕಂಪೈಲರ್ ಬದಲಿಸುವವರಿಗೆ ಏಳು ಸೂತ್ರ

ಮುಂಬಯಿಯ ಅಂಧೇರಿ ಪೂರ್ವದ ಸೀಪ್ಝ್ ವಲಯ 1973ರಲ್ಲಿ ಎಲೆಕ್ಟ್ರಾನಿಕ್ಸ್ ರಫ್ತಿಗೆಂದು ಹುಟ್ಟಿದ್ದು. ಎಪ್ಪತ್ತರ ದಶಕ ಮುಗಿಯುವಷ್ಟರಲ್ಲಿ ಟಾಟಾ ಬರೋಸ್‌ನಂಥ ಕಂಪನಿಗಳು ಅಲ್ಲಿಂದ ಸಾಫ್ಟ್‌ವೇರನ್ನೂ ಕಳಿಸತೊಡಗಿದವು. ಅಲ್ಲಿಯ, ಪಕ್ಕದ ಎಂಐಡಿಸಿ ಕೈಗಾರಿಕಾ ಪ್ರದೇಶದ ಎಂಜಿನಿಯರುಗಳ ಪಾಡು ಇಂದಿಗೂ ಅದೇ: ಕೋಡ್ ಕಟ್ಟುವುದು ಇಲ್ಲಿ, ಓಡುವುದು ಇನ್ನೆಲ್ಲೋ ಗಿರಾಕಿಯ ಯಂತ್ರದಲ್ಲಿ. ಕಂಪೈಲರ್‌ನ ಹೊಸ ಆವೃತ್ತಿ ಬಂದಾಗ ಏಟು ಬೀಳುವುದು ಈ ನಡುವಿನ ಸಂದಿಯಲ್ಲೇ.

1. ‘ಕಂಪೈಲ್ ಆಯ್ತಲ್ಲ’ ಅಂದುಕೊಂಡು ಎದ್ದು ಹೋಗಬೇಡಿ. ಸೋರ್ಸ್ ಹೊಂದುವುದು ಬೇರೆ, ಬೈನರಿ ಹೊಂದುವುದು ಬೇರೆ. ಉಡುಪಿ ಹೋಟೆಲಿನ ಮೆನು ಕಾರ್ಡ್ ಬದಲಾಗದಿದ್ದರೂ ಅಡುಗೆಮನೆಯ ಡಬ್ಬಿಗಳ ಜಾಗ ಬದಲಾಗಿರಬಹುದು. ಹಳೆಯ ಭಟ್ಟರು ಕಣ್ಣು ಮುಚ್ಚಿ ಕೈ ಹಾಕಿದರೆ ಉಪ್ಪಿನ ಬದಲು ಸಕ್ಕರೆ. ಮೊದಲೇ ಕಂಪೈಲ್ ಆದ ಲೈಬ್ರರಿ ಅಂಥ ಭಟ್ಟರು.

2. ಜಿಸಿಸಿ 5ರ ಕಥೆಯನ್ನು ಬಾಯಿಪಾಠ ಮಾಡಿ. 2015ರ ಏಪ್ರಿಲ್‌ನಲ್ಲಿ ಬಂದ ಈ ಆವೃತ್ತಿ ಸಿ++ನ ಸ್ಟ್ರಿಂಗ್ ಅನ್ನೇ ಬದಲಿಸಿತು. ಒಂದೇ ಪ್ರತಿಯನ್ನು ಹಲವು ಸ್ಟ್ರಿಂಗುಗಳು ಹಂಚಿಕೊಳ್ಳುವ ಹಳೆಯ ಪದ್ಧತಿಗೆ ಸಿ++11 ಮಾನಕದಲ್ಲಿ ಜಾಗವಿರಲಿಲ್ಲ. 64 ಬಿಟ್ ಯಂತ್ರದಲ್ಲಿ 8 ಬೈಟ್ ಇದ್ದ ಸ್ಟ್ರಿಂಗ್ 32 ಬೈಟ್ ಆಯಿತು. ಹಳಬರು ಬೀದಿಪಾಲಾಗದಿರಲೆಂದು ಲೈಬ್ರರಿಯಲ್ಲಿ ಎರಡೂ ಬಗೆಯನ್ನು ಉಳಿಸಿಕೊಂಡರು, ಹೊಸದಕ್ಕೆ ಬೇರೆ ಹೆಸರಿನ ಚೀಟಿ ಅಂಟಿಸಿದರು. ಹಾಗಾಗಿ ಸ್ಟ್ರಿಂಗ್ ಪಡೆಯುವ ಫಂಕ್ಷನ್ ಹೊಂದದಿದ್ದರೆ ಲಿಂಕರ್ ಕೂಗಿ ಹೇಳುತ್ತದೆ. ಕೂಗಿದರೆ ನಿಮ್ಮ ಪುಣ್ಯ.

ಕೂಗದಿದ್ದರೆ? ಗ್ರಾಹಕನ ಹೆಸರು, ಆಮೇಲೆ ಖಾತೆ ಸಂಖ್ಯೆ ಇರುವ ಒಂದು ಸ್ಟ್ರಕ್ಟ್ ಇದೆ ಅನ್ನಿ. ಆ ಸ್ಟ್ರಕ್ಟನ್ನು ಪಡೆಯುವ ಫಂಕ್ಷನ್‌ನ ಹೆಸರಿಗೆ ಚೀಟಿ ಅಂಟುವುದಿಲ್ಲ, ಲಿಂಕ್ ಸಲೀಸಾಗಿ ಆಗುತ್ತದೆ. ಹಳೆಯ ಲೈಬ್ರರಿ ಖಾತೆ ಸಂಖ್ಯೆಯನ್ನು 8ನೇ ಬೈಟಿನಲ್ಲಿ ಹುಡುಕುತ್ತದೆ. ಹೊಸ ಲೆಕ್ಕದಲ್ಲಿ ಅಲ್ಲಿರುವುದು ಹೆಸರಿನ ಉದ್ದ. ‘ಶೆಟ್ಟಿ’ಯನ್ನು ಇಂಗ್ಲಿಷಿನಲ್ಲಿ ಬರೆದಿದ್ದರೆ ಖಾತೆ ನಂಬರ್ 6, ಕನ್ನಡದಲ್ಲಿ ಯುಟಿಎಫ್-8ರಂತೆ ಬರೆದಿದ್ದರೆ 18! ಪ್ರೋಗ್ರಾಂ ಕುಸಿದುಬಿದ್ದರಾದರೂ ಗೊತ್ತಾದೀತು. ಇದು ನಗುನಗುತ್ತ ತಪ್ಪು ಉತ್ತರ ಕೊಡುತ್ತದೆ.

3. ದಿಕ್ಕು ಮರೆಯಬೇಡಿ. ಹಳೆಯ ಬೈನರಿ ಹೊಸ ಯಂತ್ರದಲ್ಲಿ ಓಡೀತು. ಹೊಸದು ಹಳೆಯದರಲ್ಲಿ ಓಡುತ್ತದೆಂಬ ಭರವಸೆ ಯಾರೂ ಕೊಟ್ಟಿಲ್ಲ. 2004ರ ಜಿಸಿಸಿ 3.4ರಿಂದ ಸಿ++ ಲೈಬ್ರರಿಯ ಕಡತದ ಹೆಸರು ಬದಲಾಗಿಲ್ಲ, ಒಳಗಿನ ಸಿಂಬಲ್‌ಗಳ ಪಟ್ಟಿ ಮಾತ್ರ ಬೆಳೆಯುತ್ತ ಬಂದಿದೆ. ಆದ್ದರಿಂದ ಗಿರಾಕಿಗಳಲ್ಲಿ ಅತಿ ಹಳೆಯ ಲಿನಕ್ಸ್ ಯಾರ ಬಳಿ ಇದೆಯೋ ಅದರ ಮೇಲೇ ಕಟ್ಟಿ. ಪೈಥಾನ್‌ನವರು ‘ಮೆನಿಲಿನಕ್ಸ್2014’ ಎಂಬ ಪ್ಯಾಕೇಜ್ ಮಾನಕಕ್ಕೆ ಸೆಂಟ್‌ಒಎಸ್ 7 ಆರಿಸಿಕೊಂಡದ್ದೂ ಈ ಲೆಕ್ಕದಲ್ಲೇ. ಇನ್ನೊಂದು ಮಾತು: ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7ಕ್ಕೆ ರೆಡ್ ಹ್ಯಾಟ್‌ನವರೇ ಕೊಡುತ್ತಿದ್ದ ಹೊಸ ಕಂಪೈಲರ್ ಕಿಟ್ ಕೂಡ ಹಳೆಯ ಸ್ಟ್ರಿಂಗನ್ನೇ ಬಳಸುತ್ತಿತ್ತು. ಆವೃತ್ತಿ ಸಂಖ್ಯೆ ನೋಡಿ ಮೋಸಹೋಗಬೇಡಿ.

4. ಭರವಸೆಯ ಜೊತೆಗಿನ ಷರತ್ತು ಓದಿ. ವಿಷುಯಲ್ ಸ್ಟುಡಿಯೊ 2015, 2017, 2019, 2022 ಪರಸ್ಪರ ಹೊಂದುತ್ತವೆ ಎಂದು ಮೈಕ್ರೋಸಾಫ್ಟ್ ಹೇಳಿದ್ದು ನಿಜ. ಆದರೆ ಕೊನೆಯ ಲಿಂಕ್ ಅವುಗಳಲ್ಲಿ ಅತಿ ಹೊಸದರಿಂದಲೇ ಆಗಬೇಕು, ಗಿರಾಕಿಯ ಯಂತ್ರದ ರನ್‌ಟೈಮ್ ಅದಕ್ಕಿಂತ ಹಳೆಯದಾಗಿರಕೂಡದು, ಇಡೀ ಪ್ರೋಗ್ರಾಮಿನ ಆಪ್ಟಿಮೈಸೇಶನ್ ಹಾಕಿ ಕಟ್ಟಿದ ಕಡತಗಳಿಗೆ ಈ ಮಾತು ಅನ್ವಯವೇ ಆಗದು. 2013ರ ಲೈಬ್ರರಿ ಇಟ್ಟುಕೊಂಡವರಿಗೆ ಇದರಲ್ಲಿ ಪಾಲಿಲ್ಲ.

5. ಜಾವಾದವರೇ, ನಗಬೇಡಿ. ಜೆಡಿಕೆ 9ರಲ್ಲಿ ಬೈಟ್‌ಬಫರ್‌ನ ‘ಫ್ಲಿಪ್’ ಮೆಥಡ್ ಮರಳಿಸುವ ಟೈಪ್ ಬದಲಾಯಿತು. ಟಾರ್ಗೆಟ್ 8 ಎಂದು ಹೇಳಿ ಕಂಪೈಲ್ ಮಾಡಿದರೂ ಜಾವಾ 8ರಲ್ಲಿ ‘ಅಂಥ ಮೆಥಡ್ ಇಲ್ಲ’ ಎಂದು ಬಿದ್ದುಹೋಗುತ್ತದೆ. ಟಾರ್ಗೆಟ್ ಬಿಡಿ, ‘ರಿಲೀಸ್ 8’ ಎನ್ನಿ.

6. ಗಡಿಯಲ್ಲಿ ಸಿ ಮಾತಾಡಿ. ಒಳಗೆ ಏನು ಬೇಕಾದರೂ ಇರಲಿ, ಲೈಬ್ರರಿಯ ಹೊಸ್ತಿಲು ದಾಟುವಾಗ ಸರಳ ಸಿ ಫಂಕ್ಷನ್, ಒಳರಚನೆ ತೋರಿಸದ ಪಾಯಿಂಟರ್ ಮಾತ್ರ ಇರಲಿ. ಮೆಮೊರಿಯನ್ನು ಯಾವ ಬದಿ ಕಾದಿರಿಸಿತೋ ಅದೇ ಬದಿ ಬಿಟ್ಟುಕೊಡಲಿ. ರಸ್ಟ್‌ನವರಿಗೂ ಸದ್ಯಕ್ಕೆ ಇದೇ ದಾರಿ.

7. ಬೇರೆ ಕಂಪನಿಯಿಂದ ಲೈಬ್ರರಿ ಕೊಂಡರೆ ದರಪಟ್ಟಿಗಿಂತ ಮೊದಲು ಕಂಪೈಲರ್ ಆವೃತ್ತಿ, ಫ್ಲ್ಯಾಗುಗಳ ಪಟ್ಟಿ ಕೇಳಿ. ಕೊಡಲು ತಡವರಿಸಿದರೆ ಬೇರೆಯವರನ್ನು ನೋಡಿ. ಹಳೆಯದು, ಹೊಸದು ಎರಡೂ ಕೈಯಲ್ಲಿದ್ದರೆ ‘ಎಬಿಐಡಿಫ್’ ಓಡಿಸಿ. ಡೀಬಗ್ ಮಾಹಿತಿ ಉಳಿಸಿದ್ದರೆ ಯಾವ ಸ್ಟ್ರಕ್ಟ್ ಹಿಗ್ಗಿತು, ಯಾವ ಫೀಲ್ಡ್ ಸರಿಯಿತು ಎಂದು ಅದು ಹೆಸರು ಹಿಡಿದು ಹೇಳುತ್ತದೆ. ಸೋರ್ಸೂ ಇಲ್ಲ, ಮಾಡಿದವರೂ ಅಂಗಡಿ ಮುಚ್ಚಿದ್ದಾರೆ ಎಂದಾದರೆ ಆ ಲೈಬ್ರರಿಯನ್ನು ಅದರ ಹಳೆಯ ಕಂಪೈಲರ್ ಸಮೇತ ಬೇರೆ ಪ್ರೋಸೆಸ್‌ನಲ್ಲಿ ಕೂರಿಸಿ, ಸಾಕೆಟ್ ಮೂಲಕ ಮಾತಾಡಿಸಿ. ನಿಧಾನವಾದೀತು, ಆದರೆ ಖಾತೆ ನಂಬರ್ 6 ಆಗದು.