ಅಂಬಲಿಯ ತಂಪು ರಾಗಿಯದ್ದಲ್ಲ

ನೋಡಪ್ಪ, ಕೆಲಸ ವಿಶಾಖಪಟ್ಟಣದಲ್ಲಿ, ರೂಮು ಭೀಮುನಿಪಟ್ಟಣದಲ್ಲಿ ಅಂತ ಬಂದಿದ್ದೀಯ. ಮೇ ತಿಂಗಳ ಮಧ್ಯಾಹ್ನ ಗೊಂಗೂರ ಕಲಸಿಕೊಂಡು ಮತ್ತೆ ಮತ್ತೆ ಅನ್ನ ಹಾಕಿಸಿಕೊಂಡು ಉಣ್ಣುತ್ತೀಯ. ಆಮೇಲೆ "ಮೈಯೆಲ್ಲ ಉರಿ, ಅನ್ನ ಉಷ್ಣವೇನು ಮಾವ?" ಅನ್ನುತ್ತೀಯ. ಅನ್ನದ ಮೇಲೆ ಗೂಬೆ ಕೂರಿಸಬೇಡ.

ಏನೇ ತಿಂದರೂ ಮೈಯೊಳಗಿನ ಶಾಖ 37 ಡಿಗ್ರಿ ಆಸುಪಾಸಿನಲ್ಲೇ ಇರುವಂತೆ ಮಿದುಳು ಕಾಯುತ್ತದೆ. ಅರಗಿಸುವಾಗ ಒಂದಿಷ್ಟು ಬಿಸಿ ಹುಟ್ಟುವುದು ನಿಜ. ಅನ್ನ, ಮುದ್ದೆ, ರೊಟ್ಟಿಯ ಪಿಷ್ಟ ಕೊಡುವ ಶಕ್ತಿಯಲ್ಲಿ ನೂರಕ್ಕೆ 5ರಿಂದ 10 ಪಾಲು ಹಾಗೆ ಹೋಗುತ್ತದೆ. ಮೀನು, ಮಾಂಸದ ಪ್ರೋಟೀನಿನಲ್ಲಾದರೆ 20ರಿಂದ 30. ಅನ್ನದ 400 ಕ್ಯಾಲೊರಿಗೆ ಹೆಚ್ಚೆಂದರೆ 40 ಕ್ಯಾಲೊರಿ ಬಿಸಿ. ಅದನ್ನು ಕಳೆಯಲು 70 ಮಿಲಿಲೀಟರ್ ಬೆವರು ಆರಿದರೆ ಸಾಕು.

ಆರಬೇಕಲ್ಲ, ಇಲ್ಲಿ ಅದೇ ಕಷ್ಟ. ಗೋಸ್ತನಿ ನದಿ ಸಮುದ್ರ ಸೇರುವ ಊರು, ಗಾಳಿಯೇ ಒದ್ದೆ. ಬೆವರು ತೊಟ್ಟಿಕ್ಕುತ್ತದೆ, ಆರುವುದಿಲ್ಲ. ತೊಟ್ಟಿಕ್ಕಿದ ಬೆವರಿನಿಂದ ಮೈ ತಣಿಯದು. ಹೊಟ್ಟೆ ಬಿರಿಯ ಉಂಡ ಮೇಲೆ ಸಂಕಟ ಇನ್ನೂ ಜಾಸ್ತಿ. ವಿಜಯವಾಡದ ಬಿಸಿಗಾಳಿಯ ಚಾಳಿಯೇ ಬೇರೆ. ಅಲ್ಲಿ ಬೆವರು ಬಂದದ್ದೇ ತಿಳಿಯದೆ ಮೈಯ ನೀರು, ಉಪ್ಪು ಇಳಿದುಹೋಗಿರುತ್ತದೆ.

ಈ ಸೀಮೆಯವರು ರಾಗಿಗೆ ಚೋಡಿ ಅನ್ನುತ್ತಾರೆ. ಇವರ ಚೋಡಿ ಅಂಬಲಿ ನಮ್ಮನೆಯ ಅಂಬಲಿಯೇ. ರಾತ್ರಿ ಹಿಟ್ಟು ಕದಡಿಟ್ಟು, ಬೆಳಿಗ್ಗೆ ಕಾಯಿಸಿ ಆರಿಸಿ, ಮಜ್ಜಿಗೆ ಉಪ್ಪು ಬೆರೆಸಿ, ಈರುಳ್ಳಿ ಕಚ್ಚಿಕೊಂಡು ಕುಡಿ. ಅದರ ತಂಪು ರಾಗಿಯಲ್ಲಿ ಅವಿತಿದೆ ಅಂತ ನಾನು ಒಪ್ಪುವುದಿಲ್ಲ. ಒಂದು ಹಿಡಿ ಹಿಟ್ಟಿಗೆ ಚೆಂಬುಗಟ್ಟಲೆ ನೀರು ಹೋಗುತ್ತದಲ್ಲ, ಅದರ ತಂಪು. ಜೊತೆಗೆ ಉಪ್ಪು. ಪಿಷ್ಟ ಕರುಳಿನಲ್ಲಿ ಗ್ಲೂಕೋಸ್ ಆಗಿ, ಉಪ್ಪಿನ ಸೋಡಿಯಂ ಕೂಡಿಕೊಂಡು ರಕ್ತಕ್ಕೆ ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಭೇದಿಗೆ ಕೊಡುವ ಓಆರ್‌ಎಸ್ ಕೆಲಸ ಮಾಡುವುದೂ ಹೀಗೆಯೇ. ಮಜ್ಜಿಗೆ ಹುಯ್ದ ತಂಗಳನ್ನವೂ ಇದೇ ಜಾತಿ. ಅದೇ ರಾಗಿಯನ್ನು ಮುದ್ದೆ ಕಟ್ಟಿ ಕೋಳಿ ಸಾರಿನಲ್ಲಿ ಅದ್ದಿ ಗಂಟಲಮಟ್ಟ ನುಂಗು, ಆಮೇಲೆ ತಂಪನ್ನು ಹುಡುಕಿಕೊಳ್ಳುವೆಯಂತೆ!

ಸಜ್ಜೆಯನ್ನು ಉಷ್ಣ ಅನ್ನುವುದರಲ್ಲೂ ಒಂದು ವಿವೇಕ ಇದೆ. ಉತ್ತರ ಕರ್ನಾಟಕದವರು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆ ಬೆಣ್ಣೆ ಇಟ್ಟುಕೊಂಡು ತಿನ್ನುವುದು ಸಂಕ್ರಾಂತಿಯ ಚಳಿಯಲ್ಲಿ. 100 ಗ್ರಾಂ ಸಜ್ಜೆಯಲ್ಲಿ ಸುಮಾರು 5 ಗ್ರಾಂ ಕೊಬ್ಬು, ಬಿಳಿ ಅಕ್ಕಿಯಲ್ಲಿ ಒಂದು ಗ್ರಾಮೂ ಇಲ್ಲ. ರೊಟ್ಟಿಯಲ್ಲಿ ನೀರೂ ಕಡಿಮೆ. ಜನವರಿಯಲ್ಲಿ ತರಿಸಿಕೋ, ಈಗ ಬೇಡ.

ನಿಮ್ಮಪ್ಪ ಬಂದಾಗ ಅಂಬಲಿಗೆ ಉಪ್ಪು ಕೈ ಬಿಗಿಹಿಡಿದು ಹಾಕು, ಬಿಪಿ ಇದೆ. ಸಕ್ಕರೆ ಕಾಯಿಲೆಯವರಿಗೂ ಅಂಬಲಿ ಅಂದರೆ ಲೆಕ್ಕಕ್ಕಿಲ್ಲ ಅಂತಲ್ಲ, ಅದೂ ಪಿಷ್ಟವೇ.

ಇನ್ನೊಂದು. ಬಿಸಿಲಲ್ಲಿ ದುಡಿದವರು ಯಾರಾದರೂ ಮೈ ಸುಡುತ್ತ ತಪ್ಪುತಪ್ಪಾಗಿ ಮಾತಾಡಲು ಶುರುಮಾಡಿದರೆ ಅಂಬಲಿ ಗಿಂಬಲಿ ಅಂತ ಬಾಯಿಗೆ ಏನೂ ಹಾಕಬೇಡ. 108ಕ್ಕೆ ಫೋನ್ ಮಾಡಿ, ನೆರಳಿಗೆ ಎಳೆದು, ಆಂಬ್ಯುಲೆನ್ಸ್ ಬರುವವರೆಗೂ ಮೈಮೇಲೆ ನೀರು ಸುರಿಯುತ್ತ ಗಾಳಿ ಬೀಸುತ್ತಿರು.